ನಾಲೆ ಏರಿ ಮೇಲೆ ಕುಡಿಯುವ ಹುಡುಗರು: ಮೊದಲು ಅಂಗಡಿ ಹುಡುಕಿ

ಆ ಹುಡುಗರಿಗೆ ಎಣ್ಣೆ ಸಿಗುತ್ತಿರುವುದು ಬಾರ್‌ನಿಂದ ಅಲ್ಲ, ಬಹುಶಃ ಊರೊಳಗಿನ ಗೂಡಂಗಡಿಯಿಂದಲೇ. ಹತ್ತನೇ ಕ್ಲಾಸಿನವರು ಸಂಜೆಯಾದರೆ ಮಂಡ್ಯ ಕಡೆಯ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ಕೂತು ಕುಡಿಯುತ್ತಾರೆ, ಬೈದರೂ ಕೇಳಲ್ಲ ಅಂದಿದ್ದೀರಲ್ವಾ, ನಮ್ಮೂರಲ್ಲೂ ಹೀಗೇ ಇತ್ತು. ಬಿಸ್ಕತ್ತಿನ ಡಬ್ಬದ ಹಿಂದೆ 90 ಎಂಎಲ್ ಪ್ಯಾಕೆಟ್.

ಬೆಳಿಗ್ಗೆ ಏರಿ ಮೇಲೆ ಹೋಗಿ ಖಾಲಿ ಪ್ಯಾಕೆಟ್‌ಗಳ ಫೋಟೋ ತೆಗೆಯಿರಿ, ಬ್ಯಾಚ್ ನಂಬರ್ ಕಾಣಬೇಕು. ಹುಡುಗರ ಮುಖ ಮಾತ್ರ ಬೇಡ, ವಾಟ್ಸಾಪ್‌ಗೆ ಬಿದ್ದರೆ ಅವರು ಶಾಲೆಯನ್ನೇ ಬಿಡುತ್ತಾರೆ. ಆಮೇಲೆ ಅಬಕಾರಿ ಇನ್ಸ್‌ಪೆಕ್ಟರ್‌ಗೆ ಬರೆದು ದೂರು ಕೊಡಿ, ಒಂದು ಪ್ರತಿ ಪೊಲೀಸ್ ಠಾಣೆಗೆ. ಸ್ವೀಕೃತಿ ತೆಗೆದುಕೊಳ್ಳದೆ ಬರಬೇಡಿ. 18 ತುಂಬದವರಿಗೆ ಮದ್ಯ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಇದನ್ನು ದೂರಿನಲ್ಲೇ ಬರೆಯಿರಿ. ಒಬ್ಬರೇ ಸಹಿ ಹಾಕಿದರೆ ಅಂಗಡಿಯವನು ನಿಮ್ಮ ಮೇಲೆ ಹಗೆ ಸಾಧಿಸಬಹುದು, ಸ್ತ್ರೀಶಕ್ತಿ ಸಂಘದ ಹೆಂಗಸರನ್ನೂ ಸೇರಿಸಿಕೊಳ್ಳಿ. ಮೊದಲ ದೂರಿಗೇ ಅಂಗಡಿ ನಿಲ್ಲುತ್ತದೆ ಅಂತ ಹೇಳಲಾರೆ, ನಾವು ಮೂರು ಸಲ ಓಡಾಡಿದೆವು.

ಅಲ್ಲಿಯವರೆಗೆ ಕುಡಿದವರು ನೀರಿಗೆ ಇಳಿಯದಂತೆ ನೋಡಿಕೊಳ್ಳಿ, ಅದೇ ಜಾಸ್ತಿ ಭಯ. ಯಾರಾದರೂ ಎಚ್ಚರ ತಪ್ಪಿದರೆ ಮಜ್ಜಿಗೆ, ನಿಂಬೆರಸ ಏನೂ ಕುಡಿಸಬೇಡಿ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಯಾವ ಹುಡುಗನಿಗಾದರೂ ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುತ್ತಿದ್ದರೆ ಮನೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ, ಫಿಟ್ಸ್ ಬರಬಹುದು. ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ನ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಮನೆಯವರು ಹಿಂಜರಿದರೆ ಮೊದಲು ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮನಸ್‌ಗೆ, ಅಂದರೆ 14416ಕ್ಕೆ ಫೋನ್ ಮಾಡಿ ಮಾತಾಡಲಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.