ಐಡಿ ತೋರಿಸಿದನೆಂದು ದುಡ್ಡು ಕಳಿಸಬೇಡ

ತಮ್ಮಾ, ಮೊದಲು ಉತ್ತರ, ವಿವರ ಆಮೇಲೆ. ಆ ಲ್ಯಾಪ್‌ಟಾಪ್‌ಗೆ ದುಡ್ಡು ಕಳಿಸಬೇಡ. ಇವತ್ತೂ ಬೇಡ, ನಾಳೆ ಅವನು ಇನ್ನೈವತ್ತು ಯೂರೋ ಇಳಿಸಿದರೂ ಬೇಡ.

ನೀನು ಬರೆದದ್ದು ಇಷ್ಟು: ದಾವಣಗೆರೆಯಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಮಾಸ್ಟರ್ಸ್ ಓದಲು ಬಂದು ಇನ್ನೂ ತಿಂಗಳು ತುಂಬಿಲ್ಲ. ಹಳೆಯ ವಸ್ತು ಕೊಂಡು ಮಾರುವ ಇಲ್ಲಿನ ಜಾಹೀರಾತು ತಾಣ ಕ್ಲೈನ್‌ಆನ್‌ಸೈಗನ್‌ನಲ್ಲಿ ಒಂದು ಮ್ಯಾಕ್‌ಬುಕ್ 350 ಯೂರೋಗೆ ಕಂಡಿದೆ, ಅದೇ ಮಾಡೆಲ್‌ಗೆ ಉಳಿದವರು ಅದರ ದುಪ್ಪಟ್ಟು ಕೇಳುತ್ತಿದ್ದಾರೆ. ಮಾರುವವನು ಹ್ಯಾಂಬರ್ಗ್‌ನವನಂತೆ. ಆನ್‌ಲೈನ್ ಪಾವತಿ ಸೇವೆ ಪೇಪಾಲ್‌ನಲ್ಲಿ ‘ಸ್ನೇಹಿತರು ಮತ್ತು ಕುಟುಂಬ’ ಎಂಬುದನ್ನು ಒತ್ತಿ ಕಳಿಸು, ಇಲ್ಲವೇ ನೇರ ಬ್ಯಾಂಕ್ ಖಾತೆಗೆ ಹಾಕು ಅನ್ನುತ್ತಿದ್ದಾನೆ. ನಿನಗೆ ಧೈರ್ಯ ಬರಲೆಂದು ತನ್ನ ಗುರುತಿನ ಚೀಟಿಯ ಫೋಟೋವನ್ನೂ ಕಳಿಸಿದ್ದಾನೆ. ‘ಐಡಿನೇ ಕೊಟ್ಟಿದ್ದಾನಲ್ಲಕ್ಕಾ, ಇನ್ನೇನು ಬೇಕು?’ ಅಂತ ನಿನ್ನ ಪ್ರಶ್ನೆ.

ನನಗೆ ಎಲ್ಲಕ್ಕಿಂತ ಹೆಚ್ಚು ಅನುಮಾನ ಬಂದದ್ದೇ ಆ ಐಡಿ ನೋಡಿ. ಈ ದೇಶದ ಜನ ತಮ್ಮ ವೈಯಕ್ತಿಕ ವಿವರದ ವಿಷಯದಲ್ಲಿ ಬಹಳ ಬಿಗಿ. ಬಾಗಿಲ ಕರೆಗಂಟೆಯ ಮೇಲೆ ಬರೀ ಮನೆತನದ ಹೆಸರು ಹಾಕಿಕೊಳ್ಳುವವರು, ಮುಖ ನೋಡದ ಗಿರಾಕಿಗೆ ಗುರುತಿನ ಚೀಟಿ ಕಳಿಸುತ್ತಾರೆಯೇ? ಆ ಚೀಟಿ ನಿಜವಾದದ್ದೇ ಇರಬಹುದು, ಆದರೆ ಅದು ಅವನದಲ್ಲ. ಹಿಂದೆ ಮೋಸ ಹೋದ ಯಾರೋ ಒಬ್ಬರು ಮನೆ ಬಾಡಿಗೆಗೆಂದೋ ಕೆಲಸಕ್ಕೆಂದೋ ಕೊಟ್ಟಿದ್ದು ಈಗ ಇವನ ಕೈಯಲ್ಲಿದೆ. ‘ನಾನು ನನ್ನದು ಕೊಟ್ಟೆ, ನೀನೂ ನಿನ್ನದು ಕೊಡು’ ಅಂತ ಅವನು ಮುಂದಿನ ಮಾತು ತೆಗೆಯುತ್ತಾನೆ. ನೀನು ಪಾಸ್‌ಪೋರ್ಟ್ ಫೋಟೋ ಕಳಿಸಿದೆಯೋ, ಮುಂದಿನ ವಾರ ಇನ್ನೊಬ್ಬ ಹುಡುಗನಿಗೆ ಅವನು ತೋರಿಸುವುದು ನಿನ್ನ ಮುಖ. ಊರಲ್ಲಿ ಓಎಲ್‌ಎಕ್ಸ್‌ನಲ್ಲಿ ‘ನಾನು ಮಿಲಿಟರಿಯವನು, ಬೇರೆ ಕಡೆಗೆ ಟ್ರಾನ್ಸ್‌ಫರ್ ಆಗಿದೆ, ಗಾಡಿ ಬೇಗ ಮಾರಬೇಕು’ ಅಂತ ಸೈನ್ಯದ ಕಾರ್ಡ್ ತೋರಿಸಿ ಮುಂಗಡ ಕಿತ್ತುಕೊಂಡ ಸುದ್ದಿ ನೀನು ಎಷ್ಟು ಓದಿಲ್ಲ? ಅದೇ ಆಟ, ಭಾಷೆ ಮಾತ್ರ ಬೇರೆ.

ಹಾಗಾದರೆ ಏನನ್ನು ನೋಡಬೇಕು? ಎಲ್ಲರೂ ಮನುಷ್ಯನನ್ನು ಅಳೆಯಲು ಹೋಗುತ್ತಾರೆ: ಪ್ರೊಫೈಲ್ ಎಷ್ಟು ಹಳೆಯದು, ಎಷ್ಟು ನಯವಾಗಿ ಮಾತಾಡುತ್ತಾನೆ, ಫೋಟೋ ಚೆನ್ನಾಗಿದೆಯೇ. ನಾನು ನೋಡುವುದು ದುಡ್ಡು ಯಾವ ದಾರಿಯಲ್ಲಿ ಹೋಗಲಿ ಅಂತ ಅವನು ಬಯಸುತ್ತಾನೆ ಎಂಬುದನ್ನು. ಮಿಕ್ಕಿದ್ದೆಲ್ಲ ನಕಲು ಮಾಡಬಹುದು. ವಾಪಸ್ ಬರುವ ದಾರಿಯಲ್ಲಿ ದುಡ್ಡು ತೆಗೆದುಕೊಳ್ಳಲು ಮಾತ್ರ ಮೋಸಗಾರ ಒಪ್ಪುವುದಿಲ್ಲ.

ಪೇಪಾಲ್‌ನಲ್ಲಿ ಎರಡು ದಾರಿಗಳಿವೆ. ‘ಸರಕು ಮತ್ತು ಸೇವೆ’ ಎಂದು ಕಳಿಸಿದರೆ ಕೊಳ್ಳುವವನಿಗೆ ರಕ್ಷಣೆ ಇರುತ್ತದೆ. ವಸ್ತು ಬರಲಿಲ್ಲ, ಅಥವಾ ಹೇಳಿದ್ದೇ ಒಂದು ಬಂದದ್ದೇ ಒಂದು ಅಂತಾದರೆ 180 ದಿನಗಳೊಳಗೆ ತಕರಾರು ಹೂಡಬಹುದು. ‘ಸ್ನೇಹಿತರು ಮತ್ತು ಕುಟುಂಬ’ ಅಂದರೆ ತಂಗಿಗೆ ಹಬ್ಬಕ್ಕೆ ದುಡ್ಡು ಕೊಟ್ಟ ಲೆಕ್ಕ, ಅಲ್ಲಿ ಆ ರಕ್ಷಣೆ ಇಲ್ಲ. ‘ಶುಲ್ಕ ಉಳಿಯುತ್ತೆ, ಅದಕ್ಕೆ ಹಾಗೆ ಕಳಿಸು’ ಅಂತ ಪ್ರಾಮಾಣಿಕರೂ ಕೆಲವೊಮ್ಮೆ ಕೇಳುತ್ತಾರೆ, ಸುಳ್ಳಲ್ಲ. ‘ಶುಲ್ಕ ನಾನೇ ಕೊಡುತ್ತೇನೆ, ಸರಕು ಅಂತಲೇ ಕಳಿಸುತ್ತೇನೆ’ ಅಂದು ನೋಡು. ಪ್ರಾಮಾಣಿಕನಾದವನು ಸರಿ ಅನ್ನುತ್ತಾನೆ. ಇನ್ನೊಬ್ಬ ಹೊಸದೊಂದು ಕಥೆ ಹೇಳುತ್ತಾನೆ.

ಬ್ಯಾಂಕ್ ವರ್ಗಾವಣೆ ಇನ್ನೂ ಅಪಾಯ. ಯೂರೋ ವಲಯದಲ್ಲಿ ಈಗ ಹತ್ತು ಸೆಕೆಂಡಿನಲ್ಲಿ ದುಡ್ಡು ದಾಟುವ ತ್ವರಿತ ವರ್ಗಾವಣೆ ಬಂದಿದೆ. 2025ರ ಅಕ್ಟೋಬರ್ 9ರಿಂದ ಅದನ್ನು ಕಳಿಸುವ ಸೌಲಭ್ಯ ಕೊಡಲೇಬೇಕೆಂದು ಬ್ಯಾಂಕುಗಳಿಗೆ ನಿಯಮವಾಯಿತು. ಅದೇ ದಿನದಿಂದ ಖಾತೆದಾರನ ಹೆಸರಿಗೂ ಐಬಾನ್ ಎಂಬ ಬ್ಯಾಂಕ್ ಖಾತೆ ಸಂಖ್ಯೆಗೂ ತಾಳೆ ಇದೆಯೇ ಎಂದು ಬ್ಯಾಂಕ್ ತೋರಿಸುವುದೂ ಶುರುವಾಯಿತು. ತಾಳೆಯಾಗಲಿಲ್ಲ ಎಂದು ಬಂದರೆ ಅಲ್ಲೇ ನಿಲ್ಲಿಸು. ತಾಳೆಯಾಯಿತು ಅಂದಮಾತ್ರಕ್ಕೆ ನಿಶ್ಚಿಂತೆ ಬೇಡ, ಏಕೆಂದರೆ ಖಾತೆ ಆ ಹೆಸರಿನದು ಎಂದಷ್ಟೇ ಅದರ ಅರ್ಥ. ಬೇರೆಯವರ ಹೆಸರಿನಲ್ಲಿ ತೆರೆದ ಖಾತೆಗಳಿಗೆ ಇಲ್ಲಿ ಬರವಿಲ್ಲ. ‘ಖಾತೆ ನನ್ನ ಹೆಂಡತಿಯದು’, ‘ಖಾತೆ ಅಣ್ಣನದು’, ಐಬಾನ್ ಜರ್ಮನಿಯನ್ನು ಸೂಚಿಸುವ ಡಿಇ ಅಕ್ಷರದಿಂದ ಶುರುವಾಗದೆ ಬೇರೆ ದೇಶದ ಅಕ್ಷರದಿಂದ ಶುರುವಾಗುವುದು, ಇವೆಲ್ಲ ಸೇರಿಕೊಂಡರೆ ಕೈ ಬಿಡು. ಬೇರೆ ದೇಶದ ಐಬಾನ್ ಒಂದರಿಂದಲೇ ಯಾರೂ ಕಳ್ಳರಾಗುವುದಿಲ್ಲ, ನಮ್ಮಂಥವರೇ ಎಷ್ಟೋ ಮಂದಿ ಮೊಬೈಲ್ ಬ್ಯಾಂಕುಗಳ ಅಂಥ ಖಾತೆ ಇಟ್ಟುಕೊಂಡಿದ್ದಾರೆ.

ದೂರದಿಂದ ತರಿಸಲೇಬೇಕೆಂದರೆ ಕ್ಲೈನ್‌ಆನ್‌ಸೈಗನ್‌ನ ಒಳಗೇ ‘ಜಿಷರ್ ಬೆತ್ಸಾಲೆನ್’ ಎಂಬ ಸುರಕ್ಷಿತ ಪಾವತಿ ಇದೆ. ಸ್ವಲ್ಪ ಶುಲ್ಕ ನಿನ್ನ ಮೇಲೆ ಬೀಳುತ್ತದೆ, ದುಡ್ಡು ಮಧ್ಯದಲ್ಲಿ ನಿಂತಿರುತ್ತದೆ, ವಸ್ತು ಬಂದ ಮೇಲೆ ಮಾರಿದವನಿಗೆ ಹೋಗುತ್ತದೆ. ಆದರೆ ಅದನ್ನು ಆ್ಯಪ್‌ನ ಒಳಗಿನ ಬಟನ್‌ನಿಂದ ಮಾತ್ರ ಮಾಡು. ವಾಟ್ಸ್‌ಆ್ಯಪ್‌ಗೋ ಇಮೇಲ್‌ಗೋ ಬಂದ ಲಿಂಕ್‌ನಿಂದ ಅಲ್ಲ. ‘ವಾಟ್ಸ್‌ಆ್ಯಪ್‌ಗೆ ಬನ್ನಿ’ ಅನ್ನುವುದನ್ನು ನಾನು ಕೆಟ್ಟ ಲಕ್ಷಣ ಅಂತಲೇ ಎಣಿಸುತ್ತೇನೆ. ಆ್ಯಪ್‌ನ ಚಾಟ್‌ನಲ್ಲಿ ಮೋಸದ ಸಂದೇಶಗಳ ಮೇಲೆ ಕಣ್ಣಿರುತ್ತದೆ, ಅದಕ್ಕೇ ಅವರು ಫೋನ್ ನಂಬರನ್ನು ಅಂಕಿಯಲ್ಲಿ ಬರೆಯದೆ ಅಕ್ಷರದಲ್ಲಿ ಬರೆಯುತ್ತಾರೆ, ಇಲ್ಲವೇ ಫೋಟೋದೊಳಗೆ ಸೇರಿಸಿ ಕಳಿಸುತ್ತಾರೆ.

ಇದೇ ಬಲೆ ನೀನು ಮಾರುವಾಗಲೂ ಬೀಳುತ್ತದೆ, ನೆನಪಿಟ್ಟುಕೋ. ಓದು ಮುಗಿಸಿ ಹೋಗುವಾಗ ಟೇಬಲ್ ಮಾರಲು ಹಾಕುತ್ತೀಯ. ಐದು ನಿಮಿಷದಲ್ಲಿ ಒಬ್ಬ ಬಂದು ‘ಚೌಕಾಸಿ ಇಲ್ಲ, ದುಡ್ಡು ಕಟ್ಟಿಬಿಟ್ಟೆ, ಈ ಲಿಂಕ್ ಒತ್ತಿ ನಿಮ್ಮ ಕಾರ್ಡ್ ನಂಬರ್ ಕೊಟ್ಟು ಪಡೆದುಕೊಳ್ಳಿ’ ಅನ್ನುತ್ತಾನೆ. ದುಡ್ಡು ಪಡೆಯಲು ಕಾರ್ಡಿನ ಹಿಂದಿನ ಮೂರು ಅಂಕಿ ಬೇಕಿಲ್ಲ, ಬ್ಯಾಂಕ್ ಆ್ಯಪ್‌ನಲ್ಲಿ ಒಪ್ಪಿಗೆಯೂ ಬೇಕಿಲ್ಲ. ಊರಲ್ಲಿ ದುಡ್ಡು ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ ಅಂತ ಅಮ್ಮನಿಗೆ ನೀನೇ ಹೇಳಿಕೊಟ್ಟಿರುತ್ತೀಯಲ್ಲ, ಹಾಗೇ ಇದು.

ಹಳೆಯ ಪ್ರೊಫೈಲ್, ಒಳ್ಳೆಯ ರೇಟಿಂಗ್ ಅಂತ ಹಲವರು ನಂಬುತ್ತಾರೆ. ಕ್ಲೈನ್‌ಆನ್‌ಸೈಗನ್ 2009ರಿಂದ ಇದೆ, 2023ರ ತನಕ ಅದರ ಹೆಸರು ‘ಇಬೇ’ ಎಂಬ ಪದದಿಂದ ಶುರುವಾಗುತ್ತಿತ್ತು. ಹಾಗಾಗಿ ಹತ್ತು ಹನ್ನೆರಡು ವರ್ಷದ ಹಳೆಯ ಖಾತೆಗಳು ಬೇಕಾದಷ್ಟಿವೆ, ಪಾಸ್‌ವರ್ಡ್ ಕದ್ದವರು ಅಂಥವನ್ನೇ ಹುಡುಕಿ ಬಳಸುತ್ತಾರೆ. ವರ್ಷಗಟ್ಟಲೆ ಮಕ್ಕಳ ಬಟ್ಟೆ ಮಾರಿದ ಖಾತೆಯಿಂದ ಒಂದೇ ದಿನ ಐಫೋನ್, ಕ್ಯಾಮೆರಾ, ಕಾಫಿ ಮೆಷಿನ್ ಮಾರಾಟಕ್ಕೆ ಬಂದರೆ ಅನುಮಾನಪಡು. ಭಾಷೆಯಿಂದಲೂ ಅಳೆಯಬೇಡ. ಮುರುಕು ಜರ್ಮನ್ ಬರೆಯುವವರನ್ನೆಲ್ಲ ಕಳ್ಳರೆಂದರೆ ಮೊದಲು ನಾವೇ ಆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಇತ್ತ ಕಳ್ಳರು ಅನುವಾದದ ಆ್ಯಪ್ ಹಿಡಿದು ಒಂದು ತಪ್ಪೂ ಇಲ್ಲದೆ ಬರೆಯುತ್ತಾರೆ.

ಹಳೆಯ ಸೈಕಲ್ ಕೊಳ್ಳುವ ವಿಷಯ ಬೇರೆ. ಅಲ್ಲಿ ವಸ್ತು ಕಣ್ಣೆದುರೇ ಇರುತ್ತದೆ, ದುಡ್ಡು ಕೈಯಿಂದ ಕೈಗೆ ಹೋಗುತ್ತದೆ, ಆದರೂ ಮೋಸವಾಗುತ್ತದೆ, ಏಕೆಂದರೆ ಅದು ಕದ್ದ ಮಾಲಾಗಿರಬಹುದು. ಕದ್ದ ವಸ್ತುವನ್ನು ನೀನು ಗೊತ್ತಿಲ್ಲದೆ ಕೊಂಡರೂ ಜರ್ಮನ್ ನಾಗರಿಕ ಸಂಹಿತೆಯ 935ನೇ ಕಲಮಿನ ಪ್ರಕಾರ ಅದು ನಿನ್ನದಾಗುವುದಿಲ್ಲ. ನಿಜವಾದ ಒಡೆಯ ಬಂದರೆ ಸೈಕಲ್ ಬಿಟ್ಟುಕೊಡಬೇಕು, ಮಾರಿದವನು ಅಷ್ಟರಲ್ಲಿ ಮಾಯ. ಗೊತ್ತಿದ್ದೂ ಕೊಂಡರೆ ಅದು ಅಪರಾಧವೇ. ಆದ್ದರಿಂದ ಪೆಡಲ್ ಇರುವ ಜಾಗದ ಅಡಿಯಲ್ಲಿ ಚೌಕಟ್ಟಿನ ಸಂಖ್ಯೆ ನೋಡು. ಉಜ್ಜಿ ಅಳಿಸಿದ್ದರೆ ಮಾತಾಡದೆ ಹೊರಡು. ಹಳೆಯ ಬಿಲ್ ಕೇಳು. ಬಿಲ್ ಇಲ್ಲದಿದ್ದರೆ ಒಂದು ಹಾಳೆಯಲ್ಲಿ ಹೆಸರು, ವಿಳಾಸ, ಚೌಕಟ್ಟಿನ ಸಂಖ್ಯೆ, ಬೆಲೆ, ತಾರೀಕು ಬರೆದು ಇಬ್ಬರೂ ಸಹಿ ಮಾಡಿ. ಇಲ್ಲಿ ಇದು ಅವಮಾನದ ಮಾತಲ್ಲ, ಮಾಮೂಲಿ. ಸಹಿಗೆ ಹಿಂಜರಿಯುವವನು, ಮನೆಗೆ ಕರೆಯದೆ ಸ್ಟೇಷನ್ ಮೂಲೆಯಲ್ಲೇ ಸಿಗುತ್ತೇನೆ ಅನ್ನುವವನು ಯಾರೆಂದು ನೀನೇ ಊಹಿಸಿಕೋ. ಹಳೆಯ ಫೋನ್ ಕೊಳ್ಳುವುದಾದರೆ ಅವನ ಎದುರೇ ಪೂರ್ತಿ ಅಳಿಸಿ, ನಿನ್ನ ಖಾತೆಯಿಂದ ಮೊದಲಿನಿಂದ ಶುರುಮಾಡಿ ನೋಡಿದ ಮೇಲೆ ದುಡ್ಡು ಕೊಡು. ಹಳೆಯ ಒಡೆಯನ ಪಾಸ್‌ವರ್ಡ್ ಕೇಳುವ ಐಫೋನ್ ಯಾವ ಕೆಲಸಕ್ಕೂ ಬರುವುದಿಲ್ಲ.

ನೀನು ಕೇಳದಿದ್ದರೂ ರೂಮಿನ ಬಗ್ಗೆ ಹೇಳದೆ ಇರಲಾರೆ. ನಮ್ಮ ಹುಡುಗ ಹುಡುಗಿಯರು ಅತಿ ಹೆಚ್ಚು ದುಡ್ಡು ಕಳೆದುಕೊಳ್ಳುವುದನ್ನು ನಾನು ಕಂಡದ್ದು ಅಲ್ಲೇ. ಅಕ್ಟೋಬರ್‌ನಲ್ಲಿ ಸೆಮಿಸ್ಟರ್ ಶುರು, ರೂಮು ಸಿಗುವುದಿಲ್ಲ, ವಿಳಾಸ ನೋಂದಾಯಿಸಲು ಮನೆ ಮಾಲೀಕರ ಪತ್ರ ಬೇಕು, ಊರಿನಿಂದ ಅಪ್ಪ ದಿನಾ ಫೋನ್ ಮಾಡಿ ಕೇಳುತ್ತಾರೆ. ಆ ಗಾಬರಿಯೇ ಮೋಸಗಾರನ ಬಂಡವಾಳ. ‘ನಾನು ಲಂಡನ್‌ನಲ್ಲಿದ್ದೇನೆ, ಮನೆ ಖಾಲಿ ಇದೆ, ಠೇವಣಿ ಹಾಕಿದ ಕೂಡಲೇ ಬೀಗದ ಕೈ ಪೋಸ್ಟ್‌ನಲ್ಲಿ ಬರುತ್ತದೆ’ ಅನ್ನುವುದು ಹಳೆಯ ಕಥೆ, ಈಗಲೂ ನಡೆಯುತ್ತಿದೆ. ಕಾನೂನಿನ ಪ್ರಕಾರ ಠೇವಣಿ ಮೂರು ತಿಂಗಳ ಮೂಲ ಬಾಡಿಗೆಗಿಂತ (ಹೀಟಿಂಗ್, ನೀರಿನಂಥ ಖರ್ಚು ಸೇರದ ಬಾಡಿಗೆ) ಹೆಚ್ಚಿರಕೂಡದು, ಅದನ್ನೂ ಮೂರು ಕಂತಿನಲ್ಲಿ ಕೊಡಲು ನಿನಗೆ ಹಕ್ಕಿದೆ, ಮೊದಲ ಕಂತು ಬಾಡಿಗೆ ಶುರುವಾದಾಗ. ಮನೆಯೊಳಗೆ ಕಾಲಿಡದೆ ಒಂದು ಸೆಂಟೂ ಕೊಡಬೇಡ. ನೀನು ಹೋಗಲಾಗದಿದ್ದರೆ ಆ ಊರಿನಲ್ಲಿರುವ ಯಾರನ್ನಾದರೂ ಕಳಿಸು. ‘ಬಾಡಿಗೆದಾರರ ಪರಿಶೀಲನೆ’ ಎಂದು ಹೇಳಿ ವಿಡಿಯೋ ಕಾಲ್‌ನಲ್ಲಿ ಪಾಸ್‌ಪೋರ್ಟ್ ತೋರಿಸಲು ಹೇಳುವವರಿದ್ದಾರೆ. ಅದು ಬ್ಯಾಂಕ್ ಖಾತೆ ತೆರೆಯುವ ಪ್ರಕ್ರಿಯೆ. ನಿನ್ನ ಹೆಸರಿನಲ್ಲಿ ಖಾತೆ ತೆರೆಯುತ್ತದೆ, ಮುಂದಿನ ಮೋಸದ ದುಡ್ಡು ಅಲ್ಲಿಗೆ ಬೀಳುತ್ತದೆ, ಪೊಲೀಸರ ಪತ್ರ ನಿನ್ನ ಮನೆಗೆ ಬರುತ್ತದೆ.

ನಮ್ಮವರ ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲೂ ಎಚ್ಚರ ಬೇಕು ಅನ್ನಲು ನನಗೆ ಬೇಸರವಾಗುತ್ತದೆ, ಆದರೆ ಹೇಳಲೇಬೇಕು. ‘ನಾನೂ ಕನ್ನಡದವನೇ’ ಅಂದ ಕೂಡಲೇ ಮನಸ್ಸು ಕರಗುತ್ತದೆ. ‘ನನಗೆ ಊರಿಗೆ ರೂಪಾಯಿ ಕಳಿಸಬೇಕು, ನಿನಗೆ ಯೂರೋ ಬೇಕು, ಅದಲು ಬದಲು ಮಾಡಿಕೊಳ್ಳೋಣ, ಒಳ್ಳೆ ರೇಟ್ ಕೊಡುತ್ತೇನೆ’ ಎಂಬುದಕ್ಕೆ ಮಾತ್ರ ಎಂದೂ ಕೈ ಹಾಕಬೇಡ. ನೀನು ಕೊಟ್ಟ ರೂಪಾಯಿ ಹೋಗಿ ಯೂರೋ ಬರದೇ ಇರಬಹುದು. ಅದಕ್ಕಿಂತ ಕೆಟ್ಟದ್ದು, ಬರುವ ಯೂರೋ ಇನ್ನೊಬ್ಬರಿಂದ ಕದ್ದದ್ದಾಗಿರಬಹುದು. ಆಗ ನಿನ್ನ ಖಾತೆ ಸ್ಥಗಿತವಾಗುತ್ತದೆ, ಅಕ್ರಮ ಹಣ ಸಾಗಿಸಿದ ಅನುಮಾನ ನಿನ್ನ ಮೇಲೆ ಬರುತ್ತದೆ. ಖಾತೆಯನ್ನು ಬೇರೆಯವರ ದುಡ್ಡಿಗೆ ದಾರಿ ಮಾಡಿಕೊಡುವುದು ಇಲ್ಲಿ ಗಂಭೀರ ವಿಷಯ.

ಈಗಾಗಲೇ ಕಳಿಸಿಬಿಟ್ಟಿದ್ದರೆ, ಅಥವಾ ನಿನ್ನ ರೂಮಿನ ಗೆಳೆಯ ಕಳಿಸಿದ್ದರೆ, ನಾಚಿಕೆಪಟ್ಟು ಕೂರುವ ಹೊತ್ತಲ್ಲ. ಮೊದಲು ಬ್ಯಾಂಕ್‌ಗೆ ಫೋನ್ ಮಾಡಿ ದುಡ್ಡು ವಾಪಸ್ ಕರೆಸಲು ಕೇಳಬೇಕು. ಸಿಕ್ಕೇ ಸಿಗುತ್ತದೆ ಅಂತಲ್ಲ, ತಡವಾದಷ್ಟೂ ಆಸೆ ಕಡಿಮೆ. ಕಾರ್ಡ್ ವಿವರ ಕೊಟ್ಟಿದ್ದರೆ 116 116ಕ್ಕೆ ಕರೆ ಮಾಡಿ ಬಂದ್ ಮಾಡಿಸಬೇಕು. ಚಾಟ್, ಜಾಹೀರಾತು, ಐಬಾನ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕು, ಜಾಹೀರಾತು ಬೇಗ ಮಾಯವಾಗುತ್ತದೆ. ಆಮೇಲೆ ರಾಜ್ಯದ ಪೊಲೀಸರ ಆನ್‌ಲೈನ್ ಠಾಣೆ ‘ಆನ್‌ಲೈನ್‌ವಾಹೆ’ಯಲ್ಲಿ ದೂರು ಕೊಡಬೇಕು, ಖುದ್ದಾಗಿ ಠಾಣೆಗೂ ಹೋಗಬಹುದು. ‘ಪೊಲೀಸ್ ಅಂದರೆ ವೀಸಾಕ್ಕೆ ತೊಂದರೆ’ ಅಂತ ಹೆದರಿ ಸುಮ್ಮನಿರುವ ಮಕ್ಕಳನ್ನು ಕಂಡು ನನ್ನ ಹೊಟ್ಟೆ ಉರಿಯುತ್ತದೆ. ಮೋಸ ಹೋದವರು ದೂರು ಕೊಟ್ಟರೆ ವೀಸಾಕ್ಕೆ ಏನೂ ಆಗುವುದಿಲ್ಲ. ಪಾಸ್‌ಪೋರ್ಟ್ ಫೋಟೋ ಕಳಿಸಿದ್ದರಂತೂ ದೂರು ಕೊಡಲೇಬೇಕು, ನಾಳೆ ಆ ಹೆಸರಿನಲ್ಲಿ ಏನಾದರೂ ನಡೆದರೆ ಆ ದೂರಿನ ಸಂಖ್ಯೆಯೇ ಆಧಾರ.

ಇನ್ನು ನಿನ್ನ ಲ್ಯಾಪ್‌ಟಾಪ್. ಹುಡುಕಾಟದಲ್ಲಿ ಸ್ಟುಟ್‌ಗಾರ್ಟ್ ಸುತ್ತ ಇಪ್ಪತ್ತು ಕಿಲೋಮೀಟರ್ ಎಂದು ಹಾಕು, ಎದುರೇ ತೆರೆದು ಚಾರ್ಜ್ ಮಾಡಿ ನೋಡಿ ತೆಗೆದುಕೋ. ಆತುರವಿದ್ದರೆ ಹಳೆಯದನ್ನು ಸರಿಮಾಡಿ ಮಾರುವ ಅಂಗಡಿಗಳಿವೆ. ನೂರು ಯೂರೋ ಹೆಚ್ಚಾಗಬಹುದು, ಆದರೆ ಆನ್‌ಲೈನ್‌ನಲ್ಲಿ ಕೊಂಡರೆ 14 ದಿನ ವಾಪಸ್ ಮಾಡುವ ಹಕ್ಕಿದೆ, ದೋಷವಿದ್ದರೆ ಹಳೆಯ ವಸ್ತುವಿಗೂ ಕನಿಷ್ಠ ಒಂದು ವರ್ಷ ಅಂಗಡಿಯವರೇ ಹೊಣೆ. ಟೇಬಲ್, ಕುರ್ಚಿ, ಪಾತ್ರೆಗೆ ಚರ್ಚ್ ಸಂಸ್ಥೆಗಳು ನಡೆಸುವ ಸೆಕೆಂಡ್‌ಹ್ಯಾಂಡ್ ಅಂಗಡಿಗಳನ್ನು ನೋಡು, ಕ್ಲೈನ್‌ಆನ್‌ಸೈಗನ್‌ನ ‘ಉಚಿತವಾಗಿ ಕೊಡುವ’ ವಿಭಾಗವನ್ನೂ ನೋಡು. ಅಲ್ಲಿಯೂ ‘ಸಾಗಣೆ ಖರ್ಚು ಮೊದಲು ಕಳಿಸಿ’ ಅಂದರೆ ಬಿಟ್ಟುಬಿಡು. ಆ ಹ್ಯಾಂಬರ್ಗ್‌ನವನಿಗೆ ಉತ್ತರ ಕೊಡುತ್ತಾ ಕೂರಬೇಡ, ಜಾಹೀರಾತಿನ ಕೆಳಗಿರುವ ದೂರಿನ ಬಟನ್ ಒತ್ತಿ ಬ್ಲಾಕ್ ಮಾಡು. ಆ ಗುರುತಿನ ಚೀಟಿಯ ಫೋಟೋವನ್ನು ಮಾತ್ರ ಬೇರೆ ಯಾವ ಗುಂಪಿಗೂ ‘ಇವನೇ ಕಳ್ಳ’ ಅಂತ ಹಾಕಬೇಡ. ಅದರಲ್ಲಿರುವ ಮುಖ ಅವನದಲ್ಲ.