ಗುರುಗಳ ಪ್ರಶ್ನೆಗೆ ಉತ್ತರ: ಕಳೆಯುವ ಲೆಕ್ಕದಲ್ಲಿ ಮಕ್ಕಳು ತಪ್ಪುವುದೆಲ್ಲಿ?

ಪ್ರಶ್ನೆ: ಐದನೇ ತರಗತಿಯ ಏಳೆಂಟು ಮಕ್ಕಳು ಕಬ್ಬು ಕಡಿಯುವ ಹೆತ್ತವರ ಜತೆ ತಿಂಗಳುಗಟ್ಟಲೆ ಹೋಗಿ ಬಂದವರು. ಕಳೆಯುವ ಲೆಕ್ಕ ಎಷ್ಟು ಸಲ ಹೇಳಿದರೂ ತಪ್ಪು. ‘ತಿಳೀತಾ?’ ಅಂದರೆ ಮಾತ್ರ ‘ಹೂಂ’ ಅಂತಾರೆ.
– ಶಿಕ್ಷಕಿ, ಇಂಡಿ ತಾಲ್ಲೂಕು

ಉತ್ತರ: ‘ತಿಳೀತಾ?’ ಎನ್ನುವುದನ್ನು ಬಿಟ್ಟುಬಿಡಿ. ಹತ್ತು ಮಂದಿಯ ಎದುರು ‘ಇಲ್ಲ’ ಎನ್ನಲು ಯಾವ ಮಗುವಿಗೂ ಧೈರ್ಯ ಬಾರದು. ಬದಲಿಗೆ 64–21 ಮತ್ತು 52–28 ಕೊಟ್ಟು, ಮನಸ್ಸಿನಲ್ಲೇ ಇಪ್ಪತ್ತು ಎಣಿಸಿ, ಎಲ್ಲರೂ ಒಟ್ಟಿಗೆ ಪಾಟಿ ಎತ್ತಿ ಹಿಡಿಯಲಿ. ಮೊದಲನೆಯದು ಸರಿ ಇದ್ದು, ಎರಡನೆಯದಕ್ಕೆ 36 ಬಂದರೆ, ಬಿಡಿ ಸ್ಥಾನದಲ್ಲಿ ಎಂಟರಿಂದ ಎರಡು ಕಳೆದಿದೆ ಎಂದರ್ಥ. 34 ಬಂದರೆ ಮಗು ಪಕ್ಕದ ಸ್ಥಾನದಿಂದ ದಶಕ (ಒಂದು ಹತ್ತು) ತಂದಿದೆ, ಆದರೆ ಐದನ್ನು ನಾಲ್ಕು ಮಾಡಲು ಮರೆತಿದೆ. 52–27 ಕೊಡಬೇಡಿ, ಎರಡೂ ತಪ್ಪಿಗೆ ಅಲ್ಲಿ 35 ಎಂಬ ಒಂದೇ ಉತ್ತರ ಬಂದು ಕಾಯಿಲೆ ಗೊತ್ತಾಗುವುದಿಲ್ಲ.

34 ಬರೆದವರಿಗೆ ಕೆಲಸ ಸುಲಭ: ಬಿಡಿ ಸ್ಥಾನ ಮುಟ್ಟುವ ಮೊದಲೇ ಐದನ್ನು ಹೊಡೆದು ಮೇಲೆ 4 ಬರೆಸಿ.

36 ಬರೆದವರಿಗೆ ತೊಗರಿ ಕಡ್ಡಿ ಬೇಕು. ಇಬ್ಬರಿಗೆ 60 ಕಡ್ಡಿ, ಬೆರಳುದ್ದ ಮುರಿದವು. ಹತ್ತರ ಕಟ್ಟನ್ನು ಮಕ್ಕಳೇ ಎಣಿಸಿ ಕಟ್ಟಲಿ. ನೀವು ಕಟ್ಟಿ ಕೊಟ್ಟರೆ ಅದು ಅವರಿಗೆ ಹತ್ತಲ್ಲ, ಬರೀ ಒಂದು ಕಟ್ಟು. ಐದು ಕಟ್ಟು, ಎರಡು ಬಿಡಿ ಇಟ್ಟು ‘ಎಂಟು ತೆಗಿ’ ಎನ್ನಿ, ಸುಮ್ಮನಿರಿ. ಮಗುವಿನ ಕೈ ಒಮ್ಮೆ ತಡೆಯುತ್ತದೆ, ಆಮೇಲೆ ಕಟ್ಟಿನ ದಾರಕ್ಕೆ ಹೋಗುತ್ತದೆ. ಆ ದಾರವನ್ನು ನೀವು ಬಿಚ್ಚಿದರೆ ಪಾಠ ಅಲ್ಲಿಗೇ ಮುಗಿಯಿತು. ಈಗ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಎಂಟು ತೆಗೆದರೆ ನಾಲ್ಕು, ಎರಡು ಕಟ್ಟು ತೆಗೆದರೆ ಎರಡು ಕಟ್ಟು: 24. ಎರಡು ದಿನ ಬರೀ ಕಡ್ಡಿ, ಮರುದಿನ ಕಟ್ಟಿಗೆ ಗೆರೆ, ಬಿಡಿಗೆ ಚುಕ್ಕಿ, ಆಮೇಲೆ ಅಂಕಿ. ಅವಸರದಲ್ಲಿ ಈ ಚುಕ್ಕಿ-ಗೆರೆಯ ಹಂತ ಹಾರಿಸಿದವರ ತರಗತಿಯಲ್ಲಿ ಹಳೆಯ ತಪ್ಪು ವಾರದೊಳಗೆ ಮರಳುತ್ತದೆ.

ದಿನಕ್ಕೆ 15 ನಿಮಿಷ ಈ ಮಕ್ಕಳ ಗುಂಪು ಸಾಕು. ಉಳಿದ ಹೊತ್ತು ಎಲ್ಲರ ನಡುವೆ ಕೂಡಿಸಿ. ಹಿಂದಿನ ಬೆಂಚು ಅವರ ಕಾಯಂ ಜಾಗ ಆಗಬಾರದು.

ಪ್ರಶ್ನೆ: ಮನೆಯಲ್ಲಿ ಮರಾಠಿ ಆಡುವ ಹುಡುಗಿ ಉಕ್ತಲೇಖನದಲ್ಲಿ 52 ಎಂದರೆ 25 ಬರೆಯುತ್ತಾಳೆ. ಬುದ್ಧಿ ಮಂದವೇ?
– ಶಿಕ್ಷಕ, ಖಾನಾಪುರ

ಉತ್ತರ: ಖಂಡಿತ ಅಲ್ಲ. ಕನ್ನಡದ ‘ಐವತ್ತೆರಡು’ ಹತ್ತನ್ನು ಮೊದಲು ಹೇಳುತ್ತದೆ, ಮರಾಠಿಯ ‘ಬಾವನ್ನ’ ಬಿಡಿಯನ್ನು. ಅವಳು ಮನಸ್ಸಿನಲ್ಲಿ ಮರಾಠಿಗೆ ತಿರುಗಿಸಿ, ಕೇಳಿದ ಕ್ರಮದಲ್ಲೇ ಬರೆಯುತ್ತಿರಬಹುದು. 27ಕ್ಕೆ (‘ಸತ್ತಾವೀಸ’) 72 ಬರೆದರೆ ಅನುಮಾನ ಗಟ್ಟಿಯಾಯಿತು. 44 ಕೊಟ್ಟರೆ ತಿಳಿಯದು. 50ರ ಅಗಲ ಚೀಟಿಯ ಸೊನ್ನೆಯ ಮೇಲೆ 2ರ ಸಣ್ಣ ಚೀಟಿ ಇಟ್ಟು ಎರಡೂ ಭಾಷೆಯಲ್ಲಿ ಹೇಳಿಸಿ. ಮಾತಿನ ಲೆಕ್ಕವನ್ನು ಮೊದಲು ಮರಾಠಿಯಲ್ಲೇ ಗೆಳತಿಗೆ ವಿವರಿಸಲಿ, ಉತ್ತರ ಕನ್ನಡದಲ್ಲಿ ಬರೆಯಲಿ.