ನಾಲ್ವರು ಉಳಿದಾಗ ಎಕ್ಕ-ರಾಜ ಬಿಟ್ಟದ್ದು ತಪ್ಪೇ?

ಪೋಕರ್ ಪಂದ್ಯಾವಳಿಯೊಂದರಲ್ಲಿ ಬಹುಮಾನ ಮೂವರಿಗೆ, 500, 300, 200 ಡಾಲರ್. ಉಳಿದವರು ನಾಲ್ವರು, ಪ್ರತಿಯೊಬ್ಬರಲ್ಲೂ 5,000 ಚಿಪ್ಸ್. ಎದುರಾಳಿ ಆಲ್-ಇನ್ ಎಂದು ತನ್ನೆಲ್ಲ ಚಿಪ್ಸ್ ಪಣಕ್ಕಿಟ್ಟಾಗ ಎಕ್ಕ-ರಾಜ ಎಲೆಗಳನ್ನು ಕೈಬಿಟ್ಟದ್ದು ಹೇಡಿತನವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ನಾನಾಗಿದ್ದರೂ ಬಿಡುತ್ತಿದ್ದೆ.

ಬ್ಲೈಂಡ್‌ಗಳನ್ನು, ಅಂದರೆ ಎಲೆ ನೋಡುವ ಮುನ್ನವೇ ಕಡ್ಡಾಯವಾಗಿ ಇಡುವ ಪಣವನ್ನು, ಬದಿಗಿಟ್ಟು ಲೆಕ್ಕ ಹಾಕಿ. ನಾಲ್ವರೂ ಸಮಾನರಾಗಿರುವಾಗ ನಿಮ್ಮ ಪಾಲಿನ ಬೆಲೆ 250 ಡಾಲರ್. ಗೆದ್ದಿದ್ದರೆ ಚಿಪ್ಸ್ ಇಮ್ಮಡಿಯಾಗುತ್ತಿತ್ತು, ಬೆಲೆ ಮಾತ್ರ ಇಮ್ಮಡಿಯಾಗುತ್ತಿರಲಿಲ್ಲ. ಆಗ ಮೊದಲ ಸ್ಥಾನಕ್ಕೆ ಶೇ. 50, ಎರಡನೆಯದಕ್ಕೆ ಶೇ. 33, ಮೂರನೆಯದಕ್ಕೆ ಶೇ. 17 ಅವಕಾಶ, ಆಯಾ ಬಹುಮಾನದಿಂದ ಗುಣಿಸಿ ಕೂಡಿಸಿದರೆ ಸುಮಾರು 383 ಡಾಲರ್. ಅಂದರೆ 133 ಗಳಿಸಲು 250 ಪಣಕ್ಕಿಡಬೇಕು. ನೂರಕ್ಕೆ 65 ಸಲವಾದರೂ ಗೆಲ್ಲದಿದ್ದರೆ ನಷ್ಟವೇ. ಎದುರಾಳಿಯ ಕೈಯಲ್ಲಿ ಎರಡು ರಾಣಿಗಳಿದ್ದರೆ ಎಕ್ಕ-ರಾಜ ಗೆಲ್ಲುವುದು ಶೇ. 45ರ ಆಸುಪಾಸು. ಕಣ್ಣುಮುಚ್ಚಿ ಯಾವ ಎಲೆ ಬಂದರೂ ಆಲ್-ಇನ್ ಎಂದು ನುಗ್ಗುವವನ ಎದುರೂ ನೀವು ಶೇ. 65ರ ಅಂಚಿನಲ್ಲೇ ನಿಲ್ಲುತ್ತೀರಿ.

ಆದರೆ ಇದೇ ಭಯ ಎದುರಾಳಿಗಳಿಗೂ ಇದೆ ಎಂಬುದನ್ನು ಮರೆಯಬೇಡಿ. ಅಲ್ಲಿ ಮೊದಲು ನುಗ್ಗುವವರು ನೀವಾಗಿದ್ದರೆ ಎಕ್ಕ-ರಾಜ ಬಲು ಒಳ್ಳೆಯ ಕೈ, ಏಕೆಂದರೆ ನಿಮ್ಮ ಪಣಕ್ಕೆ ಸರಿಸಮ ಪಣವಿಟ್ಟು ಎದುರಿಸಲು ಅವರೇ ಹಿಂಜರಿಯಬೇಕು.

ಇಡೀ ಹಣ ಒಬ್ಬನಿಗೇ ಹೋಗುವ ಪಂದ್ಯವಾದರೆ ಶೇ. 50ರ ಅವಕಾಶವೇ ಸಾಕು. ಮೊದಲ ಹತ್ತು ಜನರಿಗೂ ದೊಡ್ಡ ಪಂದ್ಯಾವಳಿಯ ಒಂದೇ ಬಗೆಯ ಪ್ರವೇಶ ಟಿಕೆಟ್ ಕೊಡುವ ಸ್ಯಾಟಲೈಟ್‌ನಲ್ಲಿ, ಹನ್ನೊಂದು ಜನ ಉಳಿದು ನಿಮ್ಮ ಸ್ಥಾನ ಭದ್ರವಾಗಿದ್ದರೆ, ಎಲ್ಲಕ್ಕಿಂತ ಬಲವಾದ ಕೈಯಾದ ಎರಡು ಎಕ್ಕಗಳನ್ನೂ ಬಿಡುವುದು ಸರಿಯಾಗಬಹುದು.